ಅರ್ಧ ಹುಟ್ಟು ಹಿಡಿದು ಬೆಟ್ಟದ ಕೆರೆಯಲ್ಲಿ

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಇದನ್ನು ಮುಚ್ಚಿಡುವ ಅಭ್ಯಾಸ ನನಗಿಲ್ಲ. ಕೇಳದವರಿಗೂ ಹೇಳುತ್ತೇನೆ. ಯಾಕೆಂದರೆ ಅದನ್ನು ಹೇಳಿದ ಮೇಲೆ "ಆದರೂ ನೋಡಿ" ಅಂತ ಶುರು ಮಾಡಬಹುದು. ಆದರೂ ನೋಡಿ, ಕೋಗಿಲಿನಲ್ಲಿ ಸ್ವಂತ ಗ್ರಿಲ್ ಶೆಡ್ಡು ಇದೆ. ಆದರೂ ನೋಡಿ, ಯಲಹಂಕದ ಯಾವ ಬಡಾವಣೆಗೆ ಹೋದರೂ ರಸ್ತೆಗೊಂದು ಗೇಟು ನನ್ನ ಕೈಯದು. ನಾನು ಕೂರಿಸಿದ ಒಂದು ಗೇಟೂ ಇವತ್ತಿನವರೆಗೆ ನೆಲ ಉಜ್ಜಿಲ್ಲ. ಇಂಥ ಮನುಷ್ಯನಿಗೆ ಒಂದು ಕೆರೆಯಲ್ಲಿ ದೋಣಿಗೆ ಹುಟ್ಟು ಹಾಕುವುದು ಯಾವ ಮಹಾ ಕೆಲಸ, ನೀವೇ ಹೇಳಿ.

ನಾನೂ ಹಾಗೇ ಅಂದುಕೊಂಡಿದ್ದೆ.

ಶುರು ಮಾಡಿದ್ದು ನನ್ನ ಹೆಂಡತಿ ರತ್ನ. ಒಂದು ಸಂಜೆ ಕಾಫಿ ಕೊಟ್ಟು, ಲೋಟದ ಪಕ್ಕ ಫೋನನ್ನೂ ಇಟ್ಟಳು. ಪರದೆಯ ಮೇಲೆ ಬೆಟ್ಟಗಳು. ಬೆಟ್ಟಗಳ ಸಂದಿಯಲ್ಲಿ ಒಂದರ ಹಿಂದೆ ಒಂದು ನಾಲ್ಕು ಕೆರೆ. ಕೆರೆಯಲ್ಲಿ ಹಳದಿ ಬಣ್ಣದ ಪುಟ್ಟ ಪುಟ್ಟ ದೋಣಿ.

"ಚಿಕ್ಕಬಳ್ಳಾಪುರ ದಾಟಿದ್ ಮೇಲಂತೆ. ವರ್ಷಪೂರ್ತಿ ಇರ್ತದಂತೆ ಕಣ್ರೀ. ಬೇಸಿಗೇಲಿ ಬೆಟ್ಟ ಅತ್ತೋದು, ಚಳಿಗಾಲಕ್ಕೆ ಡೇರೆ ಆಕ್ಕೊಂಡು ಇರೋದು, ಕೆರೇಲಿ ನೀರಿದ್ದಷ್ಟು ದಿನ ದೋಣಿ. ಒಬ್ಬೊಬ್ರೇ ಕೂತ್ಕೊಂಡು ಓಗೋ ದೋಣಿ. ಓಗೋಣ್ವಾ?"

ಮದುವೆಯಾಗಿ ಇಪ್ಪತ್ತಾರು ವರ್ಷ. ಈ ಇಪ್ಪತ್ತಾರು ವರ್ಷದಲ್ಲಿ ರತ್ನ "ತರಬೇಕು" ಅಂದಿದ್ದಾಳೆ, "ಕಟ್ಟಬೇಕು" ಅಂದಿದ್ದಾಳೆ. "ಹೋಗೋಣ್ವಾ" ಅಂದಿದ್ದು ಅದೇ ಮೊದಲು. ಅಂಥ ಮಾತಿಗೆ ಒಬ್ಬ ಗಂಡ ಏನು ಹೇಳಬೇಕು? "ಯಾಕೆ, ಏನು ವಿಷಯ" ಅಂತಾದರೂ ಕೇಳಬೇಕಿತ್ತು. ನಾನು ಕೇಳಲಿಲ್ಲ. ಶೆಡ್ಡಿನ ಕಡೆ ಯೋಚನೆ ಮಾಡಿದೆ. ಆಷಾಢ ನಡೀತಿತ್ತು. ಆಷಾಢದಲ್ಲಿ ಯಾರೂ ಗೃಹಪ್ರವೇಶ ಇಟ್ಟುಕೊಳ್ಳಲ್ಲ, ಆದ್ದರಿಂದ ಯಾರಿಗೂ ಗೇಟಿನ ಆತುರ ಇರಲ್ಲ.

"ಆಯ್ತು, ಹೋಗೋಣ. ನಿನಗೆ ಭಯ ಆಗಬಾರದು ಅಷ್ಟೆ. ನೀರು ಕಣೇ, ಹುಡುಗಾಟ ಅಲ್ಲ," ಅಂದೆ.

ರತ್ನ ನನ್ನ ಕಡೆ ಒಂದು ಥರಾ ನೋಡಿ ಲೋಟ ಎತ್ತಿಕೊಂಡು ಹೋದಳು. ಆ ನೋಟದ ಅರ್ಥ ನನಗೆ ತಿಳಿದಿದ್ದು ಒಂದು ವಾರ ತಡವಾಗಿ. ಅಷ್ಟರಲ್ಲಿ ನಾನು ಎಮ್ಮೆಯೊಂದರ ಎದುರು ಸೊಂಟದವರೆಗೂ ಮುಳ್ಳಿನಲ್ಲಿದ್ದೆ.

ಆ ಜಾಗದವರು ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದರು. ಬೆಳಗ್ಗೆ ಏಳರಿಂದ ಒಂಬತ್ತು. ಒಂಬತ್ತಾದ ಮೇಲೆ ಆಷಾಢದ ಗಾಳಿ ಏಳುತ್ತೆ, ದೋಣಿ ಎಲ್ಲ ಮೇಲಕ್ಕೆ ಎಳೆದುಬಿಡ್ತೀವಿ. ರತ್ನ ಆ ದಿನ ಮೂರೂವರೆಗೇ ಎದ್ದಿದ್ದಳು. ಚಿತ್ರಾನ್ನ ಕಟ್ಟಿ, ಟವೆಲ್ಲು ಮಡಚಿ, ಐದಕ್ಕೆ ವ್ಯಾನಿನಲ್ಲಿ ಕೂತಿದ್ದಳು. ಸೀರೆ ಯಾಕೋ ಸ್ವಲ್ಪ ದಪ್ಪಗೆ ಕಾಣ್ತಿತ್ತು. ಕೇಳಲಿಲ್ಲ. ನಾನು ಕೇಳದೆ ಬಿಟ್ಟಿದ್ದರ ಪಟ್ಟಿ ಬರೆದರೆ ಅದೇ ಒಂದು ಪುಸ್ತಕ ಆಗುತ್ತೆ.

ದೇವನಹಳ್ಳಿ ದಾಟಿದ ಮೇಲೆ ತಟ್ಟೆ ಇಡ್ಲಿ ತಿನ್ನಲು ನಿಲ್ಲಿಸಿದೆ. ಇಡ್ಲಿ ಹತ್ತು ನಿಮಿಷಕ್ಕೆ ಮುಗೀತು. ಆದರೆ ಆ ಹೋಟೆಲಿನ ಗೇಟು! ತಳ್ಳಿದರೆ ಕಿರ್ರ್ ಅಂತ ನೆಲ ಉಜ್ಜಿಕೊಂಡು ಹೋಗುತ್ತಿತ್ತು. ಕಲ್ಲಿನ ಮೇಲೆ ಅರ್ಧ ಚಂದ್ರ ಬರೆದಿತ್ತು. ಅದನ್ನು ನೋಡಿಕೊಂಡು ಸುಮ್ಮನೆ ಬರಲು ನನ್ನಿಂದ ಸಾಧ್ಯವಾಗಲಿಲ್ಲ. ಮಾಲೀಕರನ್ನು ಹೊರಗೆ ಕರೆದೆ. ಗೇಟು ತೂಗುವ ಮೇಲಿನ ಹಿಂಜಿಗೂ ಕೆಳಗಿನ ಹಿಂಜಿಗೂ ಎಷ್ಟು ವ್ಯತ್ಯಾಸ ಇದೆ ಅಂತ ತೋರಿಸಿದೆ. ಗೇಟನ್ನು ಎತ್ತಿ ಹಿಡಿದು, "ಇಷ್ಟು. ಇಷ್ಟೇ ಬೇಕಿರೋದು" ಅಂದೆ. ಮಾಲೀಕರು ಪಾಪ ಕೈಯಲ್ಲಿ ಚಟ್ನಿ ಸೌಟು ಹಿಡಿದುಕೊಂಡೇ ಕೇಳಿಸಿಕೊಂಡರು.

"ಏಳ್ ಗಂಟೆಗೆ ಅಂದವ್ರೆ ಕಣ್ರೀ," ರತ್ನ ವ್ಯಾನಿನಿಂದ ಕೂಗಿದಳು.

"ಬಂದೆ, ಎರಡು ನಿಮಿಷ."

ಕೆರೆ ತಲುಪಿದಾಗ ಏಳೂ ಮುಕ್ಕಾಲು.

ಜಾಗ ನಿಜಕ್ಕೂ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಮೂರು ಕಡೆ ಬಂಡೆ ಬೆಟ್ಟ. ಬೆಟ್ಟದ ನೆತ್ತಿಗೆ ಮೋಡ. ನೀರು ಒಂದು ಚೂರೂ ಅಲುಗಾಡದೆ ಮಲಗಿತ್ತು. ರತ್ನ ಚಪ್ಪಲಿ ಬಿಟ್ಟು ಸೀದಾ ದಡಕ್ಕೆ ಹೋಗಿ ನಿಂತಳು. ನಾನು ಸೀದಾ ಮೇಜಿನ ಹತ್ತಿರ ಹೋದೆ. ಅಲ್ಲಿ ಶಾಲಿನಿ ಅಂತ ಒಬ್ಬರು ಮೇಡಂ ಇದ್ದರು, ಮೂವತ್ತರ ಆಸುಪಾಸು, ಬಿಸಿಲಿಗೆ ಮೂಗು ಸುಲಿದಿತ್ತು. ದೋಣಿ, ಜಾಕೆಟ್ಟು, ಜನ ಎಲ್ಲ ಅವರೊಬ್ಬರದೇ ಜವಾಬ್ದಾರಿ.

"ಅಂಕಲ್, ಒಬ್ಬೊಬ್ರಿಗೂ ಒಂದೊಂದು ಫಾರಂ. ನಿಮ್ಮದು ನೀವು, ಆಂಟೀದು ಆಂಟಿ ತುಂಬಬೇಕು," ಅಂದರು.

"ಎರಡೂ ನಾನೇ ತುಂಬ್ತೀನಿ ಬಿಡಿ ಮೇಡಂ. ನಮ್ಮನೇಲಿ ಫಾರಂ ಡಿಪಾರ್ಟ್‌ಮೆಂಟ್ ನಂದೇ."

ಫಾರಂ ಕನ್ನಡದಲ್ಲೇ ಇತ್ತು. ಆರನೇ ಕ್ಲಾಸಿನಲ್ಲೇ ನನ್ನ ಅಕ್ಷರ ನೋಡಿ ಮೇಷ್ಟ್ರು ಬೇರೆ ಮಕ್ಕಳಿಗೆ ತೋರಿಸುತ್ತಿದ್ದರು. ಹೆಸರು ಬರೆದೆ, ವಯಸ್ಸು ಬರೆದೆ. ಐದನೇ ಪ್ರಶ್ನೆ: ಈಜು ಬರುತ್ತದೆಯೇ?

ಇಲ್ಲಿ ಒಂದು ಕ್ಷಣ ಪೆನ್ನು ನಿಂತಿತು. ನನಗೆ ಈಜು ಬರುತ್ತದೆಯೇ? ತಲಕಾಡಿನಲ್ಲಿ ಕಾವೇರಿಗೆ ಇಳಿದು ಮೂರು ಸಲ ಮುಳುಗು ಹಾಕಿದ್ದೆ. ಕಬ್ಬಿಣದ ಸರಪಳಿ ಹಿಡಿದುಕೊಂಡಿದ್ದೆ ಅನ್ನೋದು ನಿಜ. ಆದರೆ ಮೂರು ಸಲವೂ ಮೇಲೆ ಬಂದಿದ್ದೆ ಅನ್ನೋದೂ ಅಷ್ಟೇ ನಿಜ. ಮೇಜಿನ ಆಚೆ ಮೇಡಂ ನೋಡುತ್ತಿದ್ದರು. ಮೀಸೆ ಬಿಟ್ಟ ಗಂಡಸು ಒಂದು ಹೆಣ್ಣುಮಗಳ ಎದುರು "ಇಲ್ಲ" ಅಂತ ಬರೆಯುವುದು ಹೇಗೆ? "ಹೌದು" ಅಂತ ದುಂಡಗೆ ಬರೆದೆ.

ರತ್ನಳ ಫಾರಂನಲ್ಲಿ ಪೆನ್ನು ನಿಲ್ಲಲೇ ಇಲ್ಲ. "ಇಲ್ಲ."

ಅವಳು ಹತ್ತು ಮಾರು ದೂರದಲ್ಲಿ ನಿಂತಿದ್ದಳು. ಕರೆದು ಕೇಳಬಹುದಿತ್ತು. ಗೇಟಿಗೆ ಅಳತೆ ತಗೊಳ್ಳುವಾಗ ಟೇಪು ಎರಡು ಸಲ ಹಿಡಿಯುವವನು ನಾನು. ಅವಳ ವಿಷಯದಲ್ಲಿ ಕಣ್ಣಳತೆಯಲ್ಲೇ ಬರೆದುಬಿಟ್ಟೆ. ಮದುವೆಯಲ್ಲಿ ನನ್ನ ಅತ್ತೆ, "ನಮ್ಮ ರತ್ನ ಮಗೂಲಿದ್ದಾಗಿಂದ ಕೆರೇಲೇ ಇರೋಳು ಕಣಪ್ಪ" ಅಂದಿದ್ದರು. ಕೆರೆ ಏರಿ ಪಕ್ಕದ ಮನೆ ಅವರದು, ಅದಕ್ಕೇ ಹಾಗೆ ಅಂದಿರಬೇಕು ಅಂದುಕೊಂಡಿದ್ದೆ. ಆಮೇಲೆ ಆ ಕೆರೆಗೆ ಸುತ್ತ ಬೇಲಿ ಬಂತು. ಬೇಲಿಯ ಗೇಟು ಮಾಡಿಕೊಟ್ಟವನೂ ನಾನೇ. ಗೇಟು ಕೂರಿಸಿದ ದಿನ ರತ್ನ ನೋಡಲು ಬರಲಿಲ್ಲ. ಮನೆಯಲ್ಲಿ ಕೆಲಸ ಇತ್ತೇನೋ.

ಮೇಡಂ ಫಾರಂ ಎರಡನ್ನೂ ಓದಿದರು.

"ಅಂಕಲ್ ನಿಮಗೆ ಒಬ್ಬರ ದೋಣಿ ಕೊಡ್ತೀನಿ. ಆಂಟಿಗೆ ಈಜು ಬರಲ್ಲ ಅಂದ್ರೆ ಒಬ್ಬರನ್ನೇ ಬಿಡೋ ಹಾಗಿಲ್ಲ. ಇಬ್ಬರ ದೋಣೀಲಿ ನಾನು ಹಿಂದೆ ಕೂತು ಕರ್ಕೊಂಡ್ ಹೋಗ್ಬೇಕು. ನೀರಲ್ಲಿ ಒಬ್ರೇ ಇದ್ದಾಗ ನಾನು ದಡದಲ್ಲಿ ನಿಂತು ನೋಡ್ಕೋಬೇಕು. ಸೋ, ಮೊದಲು ಯಾರು?"

ರತ್ನ ಅಷ್ಟರಲ್ಲಿ ಮೇಜಿನ ಹತ್ತಿರ ಬಂದಿದ್ದಳು. ಏನೋ ಹೇಳಲು ಬಾಯಿ ತೆರೆದಳು.

"ನಾನು ಹೋಗ್ತೀನಿ," ಅಂದೆ. "ನೀನು ನೋಡಿ ಧೈರ್ಯ ತಗೋ. ಹದಿನೈದು ನಿಮಿಷ, ಒಂದು ಸುತ್ತು, ಬಂದುಬಿಡ್ತೀನಿ."

"ಬೇಗ ಬನ್ನಿ," ಅಂದಳು ರತ್ನ. ಅಷ್ಟೇ.

ಈಗ ಹುಟ್ಟಿನ ವಿಷಯಕ್ಕೆ ಬರುತ್ತೇನೆ.

ಈ ಪುಟ್ಟ ದೋಣಿಗೆ ಕೊಡುವ ಹುಟ್ಟು ಉದ್ದ ಕೋಲು. ಎರಡು ತುದಿಗೂ ನೀರು ತಳ್ಳುವ ಒಂದೊಂದು ಅಗಲ ಎಲೆ. ಕೈಗೆ ತಗೊಂಡ ತಕ್ಷಣ ನನ್ನ ಕಣ್ಣಿಗೆ ಬಿತ್ತು. ಒಂದು ಎಲೆ ನೆಟ್ಟಗಿದೆ, ಇನ್ನೊಂದು ವಾರೆಯಾಗಿದೆ! ಒಂದಕ್ಕೊಂದು ಸಮ ಇಲ್ಲ. ಮೂವತ್ತು ವರ್ಷ ಕಬ್ಬಿಣ ಜೋಡಿಸಿದವನ ಕಣ್ಣು ಸ್ವಾಮಿ, ಅರ್ಧ ನೂಲು ವ್ಯತ್ಯಾಸ ಇದ್ದರೂ ಉರಿಯುತ್ತದೆ. ಇದು ಅಂಗೈ ಅಗಲ ತಿರುಚಿಕೊಂಡಿದೆ. ಯಾರೋ ಕೆಲಸ ಬಾರದವನು ಜೋಡಿಸಿದ್ದಾನೆ, ಪಾಪ ಈ ಮೇಡಂಗೆ ಗೊತ್ತಿಲ್ಲ ಅಂತ ಮರುಕವೂ ಆಯಿತು.

ನೀರಿಂದ ಮೇಲೆದ್ದ ಎಲೆ ಗಾಳಿಯನ್ನು ಸೀಳಿಕೊಂಡು ಹೋಗಲಿ ಅಂತಲೇ ಅದನ್ನು ಹಾಗೆ ವಾರೆಯಾಗಿ ಮಾಡಿರುತ್ತಾರಂತೆ. ಇದು ನನಗೆ ಆಮೇಲೆ ತಿಳಿದ ವಿಷಯ. ಅವತ್ತು ನನಗೆ ಎಲ್ಲ ತಿಳಿದಿತ್ತು.

ಮೇಡಂ ಜಾಕೆಟ್ಟಿನ ಪಟ್ಟಿ ಬಿಗಿದು, ದೋಣಿ ತಳ್ಳಿ ಬಿಟ್ಟರು. ದಡದಿಂದ ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಹುಟ್ಟನ್ನು ಪರೀಕ್ಷೆ ಮಾಡಿದೆ. ಕೋಲಿನ ಮಧ್ಯೆ ಒಂದು ಜಾಯಿಂಟು, ಜಾಯಿಂಟಿನಲ್ಲಿ ಒಂದು ಗುಂಡಿ. ಗುಂಡಿ ಒತ್ತಿದೆ, ತಿರುಗಿಸಿದೆ. ಒಂದು ಕಣ್ಣು ಮುಚ್ಚಿ ನೋಡಿ ಎರಡೂ ಎಲೆಯನ್ನು ಒಂದೇ ಮಟ್ಟಕ್ಕೆ ತಂದೆ. ಗುಂಡಿ ಮತ್ತೆ ಮೇಲಕ್ಕೆ ಪುಟಿಯಲಿಲ್ಲ. ಬಿಗಿಯಾಗಿ ಕೂತಿದೆ, ಅದಕ್ಕೇ ಅಂತ ತೀರ್ಮಾನಿಸಿದೆ.

ದಡದ ಕಡೆ ತಿರುಗಿ ಕೂಗಿದೆ: "ಮೇಡಂ, ನಿಮ್ಮ ಹುಟ್ಟು ಸೊಟ್ಟಗಿತ್ತು. ಸರಿ ಮಾಡಿದೀನಿ!"

ಮೇಡಂ ಎರಡೂ ಕೈ ಎತ್ತಿ ಜೋರಾಗಿ ಆಡಿಸಿದರು. ನಾನೂ ಕೈ ಆಡಿಸಿದೆ. ಅವರದು "ಬೇಡ" ಅಂತ, ನನ್ನದು "ಪರವಾಗಿಲ್ಲ" ಅಂತ.

ಹತ್ತು ಸಲ ಹುಟ್ಟು ಹಾಕುವವರೆಗೂ ರಾಜಗಾಂಭೀರ್ಯ. ಕೆರೆಯ ಮಧ್ಯಕ್ಕೆ ಬಂದಿದ್ದೆ. ಹನ್ನೊಂದನೇ ಸಲ ಬಲಗೈ ಎಳೆದಾಗ ಬಲಗಡೆಯ ಅರ್ಧ ಕೋಲು ನನ್ನ ಕೈಯಿಂದಲೂ ಎಡಗಡೆಯ ಅರ್ಧದಿಂದಲೂ ಬಿಡುಗಡೆ ಪಡೆದು, ನೀರಿನ ಮೇಲೆ ನಿಧಾನವಾಗಿ ತೇಲಿಕೊಂಡು ಹೊರಟಿತು. ಕೈ ಚಾಚಿದೆ, ದೋಣಿ ವಾಲಿತು. ಕೈ ವಾಪಸ್ ತಗೊಂಡೆ.

ಉಳಿದ ಅರ್ಧದಲ್ಲಿ ಎಡಗಡೆ ಹುಟ್ಟು ಹಾಕಿದೆ. ದೋಣಿ ಬಲಕ್ಕೆ ತಿರುಗಿತು. ಇನ್ನೂ ಜೋರಾಗಿ ಹಾಕಿದೆ. ಇನ್ನೂ ಜೋರಾಗಿ ತಿರುಗಿತು. ಬೆಟ್ಟ, ಮೋಡ, ರತ್ನ, ಮೇಡಂ, ಮತ್ತೆ ಬೆಟ್ಟ. ಬಲಗಡೆಗೆ ಬದಲಾಯಿಸಿದೆ. ಮೇಡಂ, ರತ್ನ, ಮೋಡ, ಬೆಟ್ಟ. ಪ್ರತಿ ಸುತ್ತಿನಲ್ಲೂ ರತ್ನ ಕಣ್ಣಿಗೆ ಬೀಳುತ್ತಿದ್ದಳು. ಕಿತ್ತಳೆ ಬಣ್ಣದ ಜಾಕೆಟ್ಟು ಹಾಕಿಕೊಂಡು, ಪಟ್ಟಿ ಬಿಗಿದುಕೊಂಡು, ತನ್ನ ಸರದಿಗೆ ತಯಾರಾಗಿ ನಿಂತಿದ್ದಳು.

ಜಾಕೆಟ್ಟಿಗೆ ಒಂದು ಪೀಪಿ ಕಟ್ಟಿತ್ತು. ಕಷ್ಟ ಬಂದರೆ ಊದಿ ಅಂದಿದ್ದರು. ನನಗೆ ಕಷ್ಟ ಬಂದಿದೆ ಅಂತ ಒಪ್ಪಿಕೊಳ್ಳಲು ಹತ್ತು ನಿಮಿಷ ಬೇಕಾಯಿತು. ಕೊನೆಗೆ ಊದಿದೆ. ಮರ್ಯಾದೆಯ ಪ್ರಶ್ನೆ, ಮೆಲ್ಲಗೆ ಊದಿದೆ. ಆಚೆ ಬೆಟ್ಟದಲ್ಲಿ ಒಂದು ನವಿಲು ಉತ್ತರ ಕೊಟ್ಟಿತು.

ಅಷ್ಟರಲ್ಲಿ ಗಾಳಿ ಬಂತು. ಮೊದಲು ನೀರಿನ ಮೇಲೆ ಸಣ್ಣ ಸುಕ್ಕು. ಆಮೇಲೆ ದೋಣಿಯನ್ನು ಹಿಡಿದು, ನನ್ನನ್ನು ಕೇಳದೆ, ಆಚೆ ದಡದ ಕಡೆ ತಳ್ಳಿಕೊಂಡು ಹೋಯಿತು. ಅಲ್ಲಿ ನೀರಿನೊಳಗೇ ಬೆಳೆದ ಜಾಲಿ ಮುಳ್ಳಿನ ಪೊದೆ. ಪೊದೆಯ ಮಧ್ಯೆ ಮೂಗು ಮಾತ್ರ ಮೇಲಿಟ್ಟುಕೊಂಡು ಒಂದು ಎಮ್ಮೆ. ಅದು ತನ್ನ ಪಾಡಿಗೆ ಸುಖವಾಗಿತ್ತು. ದೋಣಿ ಹೋಗಿ ಅದರ ಪಕ್ಕ ಸಿಕ್ಕಿಕೊಂಡಿತು. ಎಮ್ಮೆ ಎದ್ದು ನಿಂತಿತು. ಅದನ್ನು ನೋಡಿ ನಾನೂ ಎದ್ದು ನಿಂತೆ.

ಅಂಥ ದೋಣಿಯಲ್ಲಿ ಎದ್ದು ನಿಲ್ಲಬಾರದಂತೆ.

ನೀರೊಳಗೆ ಹೋದೆ. ಕಾಲಿಗೆ ಕೆಸರು, ಸೊಂಟಕ್ಕೆ ಮುಳ್ಳು, ಬಾಯಿಗೆ ನೀರು. ಈಗ ಪೀಪಿ ಬೇಕಾಗಲಿಲ್ಲ. "ರತ್ನಾ" ಅಂತ ಕೂಗಿದ್ದು ಬೆಟ್ಟದ ಮೂರೂ ಕಡೆಯಿಂದ ವಾಪಸ್ ಬಂತು.

ಶಾಲಿನಿ ಮೇಡಂ ಆಗಲೇ ಅರ್ಧ ದಾರಿ ಬಂದಿದ್ದರು, ಇಬ್ಬರ ದೋಣಿಯಲ್ಲಿ. ಮುಂದಿನ ಸೀಟು ಖಾಲಿ ಇತ್ತು.

"ಅಂಕಲ್, ನಿಂತ್ಕೊಳ್ಳಿ."

"ಆಗ್ತಿಲ್ಲ ಮೇಡಂ, ಮುಳುಗ್ತಿದೀನಿ."

"ನಿಮ್ ಪಕ್ಕ ಎಮ್ಮೆ ನಿಂತಿದೆಯಲ್ಲ, ಹಾಗೇ ನಿಂತ್ಕೊಳ್ಳಿ."

ನಿಂತೆ. ನೀರು ಎದೆಗಿತ್ತು. ಎಮ್ಮೆ ಮುಖ ತಿರುಗಿಸಿ ಹೊರಟುಹೋಯಿತು.

"ಫಾರಂನಲ್ಲಿ ಈಜು ಬರತ್ತೆ ಅಂತ ಬರ್ದಿದೀರ," ಅಂದರು ಮೇಡಂ, ಮುಳ್ಳು ಸರಿಸುತ್ತಾ.

"ಬರತ್ತೆ ಮೇಡಂ. ಆದರೆ ಸರಪಳಿ ಬೇಕು."

ಅವರು ನಗಲಿಲ್ಲ. ನನ್ನನ್ನು ಮುಂದಿನ ಸೀಟಿಗೆ ಹತ್ತಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಅದರಲ್ಲಿ ಒಂದು ಸಲ ಅವರನ್ನೂ ನೀರಿಗೆ ಬೀಳಿಸಿದೆ. ಎದುರು ಗಾಳಿಯಲ್ಲಿ, ನನ್ನನ್ನೂ ನನ್ನ ಖಾಲಿ ದೋಣಿಯನ್ನೂ ಎಳೆದುಕೊಂಡು ಬರುವಾಗ ಅವರಿಗೆ ಮಾತಾಡಲು ಉಸಿರಿರಲಿಲ್ಲ. ಅರ್ಧದಲ್ಲಿ ಒಂದೇ ಒಂದು ಮಾತು ಹೇಳಿದರು.

"ಆಂಟಿ ಬರ್ತೀನಿ ಅಂದ್ರು. 'ನಂಗೆ ಈಜು ಬರ್ತದೆ, ಮುಂದಿನ ಸೀಟಲ್ಲಿ ಕೂತು ನಾನೂ ಹುಟ್ಟು ಹಾಕ್ತೀನಿ, ಬೇಗ ಹೋಗ್ಬೋದು' ಅಂತ. ಫಾರಂನಲ್ಲಿ ಇಲ್ಲ ಅಂತಿದೆ. ನಾನು ಹೇಗೆ ಕರ್ಕೊಂಡ್ ಬರ್ಲಿ?"

ನಾನು ಆಗ ಮುಂದಿನ ಸೀಟಿನಲ್ಲಿದ್ದೆ. ಅದು ಯಾರ ಸೀಟು ಅಂತ ಗೊತ್ತಾಯಿತು. ಆಮೇಲೆ ಆ ಸೀಟಿನಲ್ಲಿ ಸರಿಯಾಗಿ ಕೂರಲು ಆಗಲಿಲ್ಲ.

ದಡ ಹತ್ತಿರ ಬಂದಂತೆ ರತ್ನ ಕಂಡಳು. ಸೀರೆ ಬಿಚ್ಚಿ ಮಡಚಿ ಕಲ್ಲಿನ ಮೇಲೆ ಇಟ್ಟಿದ್ದಳು. ಒಳಗೆ ನೀಲಿ ಟ್ರ್ಯಾಕ್ ಪ್ಯಾಂಟು, ಉದ್ದ ತೋಳಿನ ಅಂಗಿ. ಎರಡೂ ಹೊಸದು. ಟ್ರ್ಯಾಕ್ ಪ್ಯಾಂಟಿನ ಕಾಲಿಗೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಯಲಹಂಕ ಸಂತೆ ಬೀದಿಗೆ ಹೋಗಿ ಯಾವಾಗ ತಂದಳೋ. ಇಪ್ಪತ್ತಾರು ವರ್ಷ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ.

ಮೇಡಂ ದಡಕ್ಕೆ ಇಳಿದು, ಗಾಳಿ ನೋಡಿ, ಉದ್ದವಾಗಿ ಪೀಪಿ ಊದಿದರು. ಅವತ್ತಿನ ದೋಣಿ ಮುಗೀತು ಅಂತ ಅದರ ಅರ್ಥ. ಗಂಟೆ ಒಂಬತ್ತು ದಾಟಿತ್ತು.

"ಮೇಡಂ, ಒಂದೇ ಒಂದು ಸುತ್ತು," ಅಂದೆ. "ಅವಳಿಗೋಸ್ಕರ. ಬೇಕಾದ್ರೆ ನಿಮ್ಮ ಆಫೀಸಿನ ಗೇಟು ನಾನು ಬಿಟ್ಟಿ ಮಾಡಿಕೊಡ್ತೀನಿ."

"ಗಾಳಿ ನೋಡಿ ಅಂಕಲ್. ಗೇಟ್ ಏನ್ ಮಾಡ್ಲಿ ನಾನು." ಮೇಡಂ ರತ್ನಳ ಕಡೆ ತಿರುಗಿದರು. ದನಿ ಮೆತ್ತಗಾಯಿತು. "ಆಂಟಿ, ನಿಜವಾಗ್ಲೂ ಈಜು ಬರತ್ತಾ?"

"ಬರ್ತದೆ ಮೇಡಂ. ನಮ್ಮೂರ್ ಕೆರೇಲಿ ಈ ದಡದಿಂದ ಆ ದಡಕ್ಕೆ ಓಗಿ, ತಾವರೆ ಕಿತ್ಕೊಂಡು ಬತ್ತಿದ್ದೆ."

"ಮತ್ತೆ ಫಾರಂನಲ್ಲಿ ಇಲ್ಲ ಅಂತ ಇದ್ಯಲ್ಲ?"

ರತ್ನ ನನ್ನ ಕಡೆ ನೋಡಿದಳು. ನನ್ನ ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಮ್ಮೆಜಮಾನ್ರು ಬರ್ದಿರೋದು," ಅಂದಳು. "ಅವ್ರ ಅಕ್ಷರ ಚೆನ್ನಾಗೈತೆ."

ಜಾಕೆಟ್ಟಿನ ಪಟ್ಟಿ ಒಂದೊಂದಾಗಿ ಬಿಚ್ಚಿ, ನೀರು ಸೋಕದ ಆ ಜಾಕೆಟ್ಟನ್ನು ಮೇಜಿನ ಮೇಲೆ ಇಟ್ಟಳು. ಟ್ರ್ಯಾಕ್ ಪ್ಯಾಂಟಿನ ಮೇಲೇ ಸೀರೆ ಸುತ್ತಿಕೊಂಡಳು. ನಾನು ನಡುಗುತ್ತಿರುವುದು ನೋಡಿ ಟವೆಲ್ಲು ಕೊಟ್ಟಳು. ತಾನು ಒರೆಸಿಕೊಳ್ಳಲಿಕ್ಕೆ ಅಂತ ಬೆಳಗ್ಗೆ ಮಡಚಿಟ್ಟುಕೊಂಡಿದ್ದ ಟವೆಲ್ಲು ಅದು.

ವ್ಯಾನು ಚಿಕ್ಕಬಳ್ಳಾಪುರ ತಲುಪಿತು.

"ಕೋಪನಾ?" ಅಂದೆ.

"ಯಾತಕ್ಕೆ?"

"ಈಜು ಬರ್ತದೆ ಅಂತ ನೀನು ಒಂದು ಮಾತು ಹೇಳಬಹುದಿತ್ತಲ್ಲ. ಇಷ್ಟು ವರ್ಷದಲ್ಲಿ."

"ಮದ್ವೆ ಆದ ವರ್ಷ ಏಳಿದ್ದೆ. ಕೆರೆಗೆ ಓಗ್ ಬತ್ತೀನಿ ಅಂತ. ನೀವು 'ಗಂಡ್ಸರು ಓಡಾಡೋ ಜಾಗ, ಚೆಂದ ಕಾಣ್ಸಲ್ಲ' ಅಂದ್ರಿ. ಸುಮ್ನಾದೆ." ಡಬ್ಬಿ ಬಿಚ್ಚಿದಳು. "ಚಿತ್ರಾನ್ನ ಐತೆ, ತಿಂತೀರಾ?"

ಹಾಗೆ ಅಂದಿದ್ದು ನನಗೆ ನೆನಪೇ ಇಲ್ಲ. ಅದು ಇನ್ನೂ ದೊಡ್ಡ ತಪ್ಪು ಅಂತ ನನಗೆ ಅನ್ನಿಸಿತು. ಬೈದಿದ್ದರೆ ಒಂದು ಥರಾ ಸಮಾಧಾನ ಇರುತ್ತಿತ್ತು. ಚಿತ್ರಾನ್ನ ಕೊಟ್ಟುಬಿಟ್ಟಳು. ಚೆನ್ನಾಗಿಯೇ ಇತ್ತು, ಅರ್ಧಕ್ಕೇ ಬಿಟ್ಟೆ.

ಆಮೇಲೆ ನಾನು "ಮತ್ತೆ ಹೋಗೋಣ" ಅಂತ ಎಷ್ಟೋ ಸಲ ಹೇಳಿದೆ. ಶ್ರಾವಣ ಬಂತು, ಗೃಹಪ್ರವೇಶಗಳು ಬಂದವು. ಗೇಟು ಗೇಟು ಗೇಟು. ಕಾರ್ತಿಕದ ಒಂದು ಶನಿವಾರ ರತ್ನ ತಾನೇ ಬ್ಯಾಗು ತುಂಬಿಕೊಂಡಳು. ತಣಿಸಂದ್ರದಲ್ಲಿರುವ ಅವಳ ತಂಗಿ ಜಯ ಎಲ್ಲ ಗೊತ್ತು ಮಾಡಿದ್ದಳಂತೆ. ಒಂದು ರಾತ್ರಿ ಡೇರೆಯಲ್ಲಿ ಇದ್ದು, ಭಾನುವಾರ ಬೆಳಗ್ಗೆ ದೋಣಿ.

"ನಾನೂ ಬರ್ಲಾ?" ಅಂದೆ.

"ನೀವು ಬಂದ್ರೆ ನಿಮ್ಮನ್ ನೋಡ್ಕೊಳ್ಳೋದೇ ಆಯ್ತದೆ," ಅಂದಳು. ಕೋಪದಿಂದ ಅಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಭಾನುವಾರ ನಾನೇ ಒಲೆ ಮೇಲೆ ಸಾರು ಇಟ್ಟೆ. ಹತ್ತು ಗಂಟೆಗೆ ಜಯ ಫೋನಿಗೆ ಒಂದು ವಿಡಿಯೋ ಕಳಿಸಿದಳು. ರತ್ನ ಒಬ್ಬಳೇ ಹಳದಿ ದೋಣಿಯಲ್ಲಿ, ನೂಲು ಹಿಡಿದ ಹಾಗೆ ನೆಟ್ಟಗೆ ಹೋಗುತ್ತಿದ್ದಾಳೆ. ಎರಡು ಕಡೆಯೂ ಸಮನಾಗಿ ಹುಟ್ಟು ಬೀಳುತ್ತಿದೆ. ಕೆರೆಯ ಮಧ್ಯೆ ಹೋದ ಮೇಲೆ ಹುಟ್ಟನ್ನು ದೋಣಿಗೆ ಸಿಕ್ಕಿಸಿ, ಮೆಲ್ಲಗೆ ನೀರಿಗೆ ಇಳಿದಳು. ದೋಣಿಗೆ ಒಂದು ಸುತ್ತು ಈಜಿ, ಒಂದು ಸಲ ಮುಳುಗಿ ಎದ್ದು, ಮುಖ ಒರೆಸಿಕೊಂಡು, ಯಾರಿಗೂ ಅಲ್ಲದೆ ತನ್ನಷ್ಟಕ್ಕೆ ನಕ್ಕಳು. ಆ ನಗು ನಮ್ಮ ಮನೆಯಲ್ಲಿ ನಾನು ನೋಡಿರಲಿಲ್ಲ.

ಮೂರನೇ ಸಲ ನೋಡುತ್ತಿದ್ದಾಗ ಗೇಟಿನ ಡಿಸೈನು ಕೇಳಲು ಮನೆಗೇ ಬಂದಿದ್ದ ಗಿರಾಕಿಯೊಬ್ಬರು ಹೆಗಲ ಮೇಲಿಂದ ಇಣುಕಿದರು. ರಿಟೈರಾದ ಮೇಷ್ಟ್ರು, ಒಳ್ಳೆಯವರು.

"ಯಾರಪ್ಪಾ ಇದು?"

"ನಮ್ಮ ಮನೆಯವರು ಸಾರ್," ಅಂದೆ. ಎದೆ ಸ್ವಲ್ಪ ಉಬ್ಬಿತ್ತು, ಇಲ್ಲ ಅನ್ನಲ್ಲ.

"ಅಬ್ಬಾ. ಎಷ್ಟು ಚೆನ್ನಾಗಿ ಈಜ್ತಾರೆ. ಯಾರು ಕಲಿಸಿದ್ರು ಅವರಿಗೆ?"

ಅವರಪ್ಪನೋ, ಅಣ್ಣಂದಿರೋ, ಯಾರಾದರೂ ಗೆಳತಿಯೋ, ತಾನೇ ಕಲಿತಳೋ. ಒಂದೇ ಮನೆಯಲ್ಲಿ ಇಪ್ಪತ್ತಾರು ವರ್ಷ, ಒಂದು ದಿನವೂ ನಾನು ಕೇಳಿಲ್ಲ.

"ಗೊತ್ತಿಲ್ಲ ಸಾರ್. ಬಂದ ಮೇಲೆ ಕೇಳ್ಬೇಕು," ಅಂದೆ.

ಸಂಜೆಯಾಯಿತು. ಜಯಳ ಮೆಸೇಜು ಬಂತು: ಅಕ್ಕನಿಗೆ ಇನ್ನೂ ಸಾಕಾಗಿಲ್ಲ, ಇನ್ನೊಂದು ದಿನ ಇರ್ತೀವಿ ಭಾವ, ಊಟ ನೋಡ್ಕೊಳ್ಳಿ.

ಊಟ ನೋಡಿಕೊಂಡೆ. ಸಾರು ಸೀದಿತ್ತು.